ನೆತ್ತಿ ತೆಳುವಾಗ್ತಿದೆಯಾ? ಮೊದಲು ಒಂದು ಬಿಳಿ ಬೈರಾಸು ತಗೊಳ್ಳಿ

ಉದುರಿದ ಕೂದಲನ್ನು ಎಣಿಸುತ್ತಾ ಕೂರಬೇಡಿ. ದಿನಕ್ಕೆ 50ರಿಂದ 100 ಹೋಗುವುದು ಎಲ್ಲರಿಗೂ ಇದ್ದದ್ದೇ. ಬಿಳಿ ಬೈರಾಸು ಹೆಗಲಿಗೆ ಹಾಕಿ, ನೆತ್ತಿ ತಿಕ್ಕಿ, ಬಿದ್ದದ್ದನ್ನು ಜಗಲಿಯ ಬೆಳಕಿನಲ್ಲಿ ನೋಡಿ. ಕೆಲವು ಜೇಡರ ಬಲೆಯ ಎಳೆಯಷ್ಟು ತೆಳು, ಗಿಡ್ಡ, ತುದಿ ಚೂಪಾಗಿದೆಯಾ? ಅಂದರೆ ಕತ್ತರಿ ತಾಗುವಷ್ಟು ಉದ್ದ ಬೆಳೆಯುವ ಮೊದಲೇ ಬಿದ್ದಿದೆ. ಇದು ವಂಶದಿಂದ ಬರುವ ಬೋಳಿನ ಗುರುತು, ಅಂಗಡಿ ಬೋರ್ಡುಗಳಲ್ಲಿ ಮಲಯಾಳದಲ್ಲಿ 'ಕಷಂಡಿ' ಅಂತ ಬರೆದಿರುತ್ತಾರಲ್ಲ, ಅದೇ.

ಬಿದ್ದದ್ದೆಲ್ಲ ಉದ್ದ, ದಪ್ಪ ಕೂದಲು, ಎರಡು ಮೂರು ತಿಂಗಳ ಹಿಂದೆ ಡೆಂಗ್ಯೂ ಬಂದಿತ್ತು ಅಂತಾದರೆ ಅದು ಬೇರೆ ಕಥೆ. ಹೆಚ್ಚಾಗಿ ತಾನಾಗಿಯೇ ಸರಿಹೋಗುತ್ತದೆ.

ತೋಟದ ಹಾಳೆ ಟೊಪ್ಪಿಯನ್ನೋ ಬೋರ್‌ವೆಲ್ ನೀರನ್ನೋ ಬೈದು ಪ್ರಯೋಜನವಿಲ್ಲ. ಕೆಲಸ ಕೆಡಿಸುವುದು ಡಿಎಚ್‌ಟಿ ಅನ್ನುವ ಹಾರ್ಮೋನು. ಕೂದಲಿನ ಬುಡದಲ್ಲಿ ಸ್ಟೆಮ್ ಸೆಲ್‌ಗಳಿವೆ, ಪ್ರತಿ ಸಲ ಹೊಸ ಕೂದಲು ಶುರುವಾಗುವುದು ಅಲ್ಲಿಂದಲೇ. ಬೋಳಾದ ಮೇಲೆ ಅವು ಸತ್ತಿರುತ್ತವೆ ಅಂತ ನಾನೂ ಅಂದುಕೊಂಡಿದ್ದೆ. 2011ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜಾರ್ಜ್ ಕೊಟ್ಸರೇಲಿಸ್ ತಂಡ ಒಬ್ಬೊಬ್ಬ ಗಂಡಸಿನದೇ ತಲೆಯ ಬೋಳು ಜಾಗ, ಕೂದಲಿರುವ ಜಾಗ ಎರಡನ್ನೂ ಹೋಲಿಸಿ ನೋಡಿತು. ಸ್ಟೆಮ್ ಸೆಲ್ ಎರಡೂ ಕಡೆ ಹೆಚ್ಚುಕಡಿಮೆ ಅಷ್ಟೇ ಇತ್ತು, ಅವುಗಳಿಂದ ಹುಟ್ಟಿ ಕೂದಲು ಕಟ್ಟಬೇಕಾದ ಮುಂದಿನ ಸೆಲ್‌ಗಳು ಮಾತ್ರ ಬೋಳು ಕಡೆ ತೀರಾ ಕಮ್ಮಿ. ಪಾತಿಯಲ್ಲಿ ಬೀಜದ ಅಡಿಕೆ ಇದೆ, ಮೊಳಕೆ ಬರ್ತಿಲ್ಲ, ಅಷ್ಟೇ.

ಹಾಗಂತ ಸ್ಟೆಮ್ ಸೆಲ್ ಇಂಜೆಕ್ಷನ್ ಅಂದವರಿಗೆಲ್ಲ ದುಡ್ಡು ಕೊಡಬೇಡಿ. ಬೋಳಿಗೆ ಅದು ಇನ್ನೂ ಪ್ರಯೋಗದ ಹಂತದಲ್ಲೇ ಇದೆ. ಸೇಬಿನ ಸ್ಟೆಮ್ ಸೆಲ್ ಹಾಕಿದ ಶಾಂಪೂ ಕೂಡ ಸಿಗುತ್ತದೆ, ಸೇಬಿಗೆಲ್ಲಿಯ ಕೂದಲು ಮಾರಾಯ್ರೆ!

ಸದ್ಯಕ್ಕೆ ನಂಬಬಹುದಾದದ್ದು ಹಳೆಯ ಮದ್ದೇ. ಚರ್ಮದ ಡಾಕ್ಟರಿಗೆ ತೋರಿಸಿ, ಮಿನಾಕ್ಸಿಡಿಲ್ ಬರೆದುಕೊಟ್ಟರೆ ಒಣ ತಲೆಗೆ, ಕೂದಲಿಗಲ್ಲ, ಬೈತಲೆ ತೆಗೆದು ಚರ್ಮಕ್ಕೇ ಬೀಳುವ ಹಾಗೆ ಡ್ರಾಪರಿನಿಂದ ಬಿಡಿ. ಸಾಮಾನ್ಯವಾಗಿ ಸಲಕ್ಕೆ 1 ಮಿ.ಲೀ., ದಿನಕ್ಕೆ ಎರಡು ಸಲ. ನಮ್ಮವರ ತಪ್ಪು ಏನಂದ್ರೆ, ತೆಂಗಿನೆಣ್ಣೆ ಹಚ್ಚಿ ಅದರ ಮೇಲೆ ಇದನ್ನು ಬಿಡುವುದು. ಎಣ್ಣೆ ಬೇಕಾದರೆ ಮೀಯುವ ಮೊದಲು ಹಚ್ಚಿ, ತೊಳೆದುಬಿಡಿ. ಮೊದಲ ಕೆಲವು ವಾರ ಜಾಸ್ತಿ ಉದುರಬಹುದು, ಅಲ್ಲಿಗೇ ಹೆದರಿ ಬಿಟ್ಟವರು ಬಹಳ. ನಾಲ್ಕಾರು ತಿಂಗಳು ಬೇಕು. ನಿಲ್ಲಿಸಿದರೆ ಬಂದದ್ದೂ ಹೋಗುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಜಾಗ್ರತೆ, ತಲೆದಿಂಬು ನೆಕ್ಕಿದರೂ ಅದಕ್ಕೆ ವಿಷ.

ಫಿನಾಸ್ಟರೈಡ್ ಮಾತ್ರೆ ಗಂಡಸರಿಗೆ, ಡಿಎಚ್‌ಟಿ ಇಳಿಸುತ್ತದೆ. ಕೆಲವರಿಗೆ ಲೈಂಗಿಕ ತೊಂದರೆ ಆಗುವುದುಂಟು, ನಾಚಿಕೊಳ್ಳದೆ ಡಾಕ್ಟರಿಗೆ ಹೇಳಿ. ಪ್ರಾಸ್ಟೇಟ್ ಗ್ರಂಥಿಯ ತೊಂದರೆ ಪತ್ತೆಹಚ್ಚುವ ರಕ್ತದ ಪಿಎಸ್‌ಎ ಪರೀಕ್ಷೆ ಮಾಡಿಸುವಾಗ ಈ ಮಾತ್ರೆಯ ವಿಷಯ ತಿಳಿಸಿ, ಅಂಕಿ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಬಸುರಿಯರು ಮುರಿದ ಮಾತ್ರೆಯನ್ನು ಮುಟ್ಟಲೇಬಾರದು.

ತಿಂಗಳಿಗೊಮ್ಮೆ ಅದೇ ಜಗಲಿ, ಅದೇ ಹೊತ್ತು, ಒಂದು ಫೋಟೋ. ನನಗೆ ವ್ಯತ್ಯಾಸ ಕಂಡದ್ದು ಆರನೆಯ ಫೋಟೋದಲ್ಲಿ, ಅದೂ ನೆತ್ತಿಯಲ್ಲಿ. ಹಣೆಯ ಮೂಲೆಗಳು ಹಾಗೇ ಇವೆ.