ಬಿಕ್ರಿಪ್ಟ್ ನಿಧಾನ ಇರಲಿ, ಪುಟ ಬೇಗ ಬರಲಿ

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ನಡೆಸುವವರ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಯಾವ ರೈತರ ಲಾಟ್, 15 ಕೆಜಿಯ ಎಷ್ಟು ಬಾಕ್ಸ್, ಹರಾಜಿನಲ್ಲಿ ಎಷ್ಟಕ್ಕೆ ಹೋಯಿತು, ಅಷ್ಟೇ. ಸೀಸನ್‌ನಲ್ಲಿ ಹರಾಜು ಶುರುವಾದರೆ ಗುಮಾಸ್ತರೆಲ್ಲ ಒಟ್ಟಿಗೆ ಮೊಬೈಲ್ ಹಿಡಿಯುತ್ತಾರೆ. ಆಗ ಪುಟ ತೆರೆಯುವುದಕ್ಕೇ ಒದ್ದಾಟ. ಡೇಟಾಬೇಸ್ ಸುಮ್ನೆ ಕೂತಿರುತ್ತಿತ್ತು, ಸಿಪಿಯು ಮಾತ್ರ ನೂರಕ್ಕೆ ನೂರು.

ಕಾರಣ ಪಾಸ್‌ವರ್ಡ್ ಪರೀಕ್ಷೆ. ನಮ್ಮಲ್ಲಿದ್ದದ್ದು ಎಚ್‌ಟಿಟಿಪಿ ಬೇಸಿಕ್ ಪದ್ಧತಿ. ಇದರಲ್ಲಿ ಪ್ರತಿ ರಿಕ್ವೆಸ್ಟ್ ಜೊತೆಗೂ ಹೆಸರು, ಪಾಸ್‌ವರ್ಡ್ ಮತ್ತೆ ಬರುತ್ತವೆ. ಒಂದು ಸಣ್ಣ ಚಿತ್ರ ಕೇಳಿದರೂ ಅಷ್ಟೇ. ಸರ್ವರ್ ಪ್ರತಿ ಸಲವೂ ಬಿಕ್ರಿಪ್ಟ್ ಓಡಿಸಬೇಕು, ಅಂದರೆ ಬಂದ ಪಾಸ್‌ವರ್ಡನ್ನು ಹ್ಯಾಶ್ (ಹಿಂದಕ್ಕೆ ತಿರುಗಿಸಲಾಗದ ಅಕ್ಷರಗಳ ಸಾಲು) ಮಾಡಿ, ಡೇಟಾಬೇಸಿನಲ್ಲಿರುವ ಹ್ಯಾಶ್ ಜೊತೆ ಹೋಲಿಸಬೇಕು. 1999ರಲ್ಲಿ ಬಂದ ಈ ಬಿಕ್ರಿಪ್ಟ್ ಬೇಕೆಂದೇ ನಿಧಾನ. ಹ್ಯಾಶ್ ಕದ್ದವನು ಪಾಸ್‌ವರ್ಡ್ ಊಹಿಸಲು ಹೆಣಗಾಡಲಿ ಅಂತ. ಎಷ್ಟು ನಿಧಾನ ಅಂತ ಹೇಳುವ ಸಂಖ್ಯೆಗೆ ಕಾಸ್ಟ್ ಅಂತಾರೆ, ಅದನ್ನು ಒಂದು ಏರಿಸಿದರೆ ಕೆಲಸ ಎರಡರಷ್ಟು. ನಮ್ಮದು 12, ಅಂದರೆ 4096 ಸುತ್ತು. 5ಕ್ಕೆ ಇಳಿಸು ಅಂತ ಗೆಳೆಯರೊಬ್ಬರು ಹೇಳಿದರು. ಬರೀ 32 ಸುತ್ತು! ರೈತರ ದುಡ್ಡಿನ ಲೆಕ್ಕ ಇದು, ನನಗೆ ಮನಸ್ಸಾಗಲಿಲ್ಲ.

ಅಪಾಚೆ ವೆಬ್ ಸರ್ವರ್‌ನಲ್ಲಿ 'ಮಾಡ್ ಆಥನ್ ಎಸ್‌ಒಕ್ಯಾಶ್' ಎಂಬ ಕ್ಯಾಶ್ (ಒಮ್ಮೆ ತಂದದ್ದನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳುವ) ಮಾಡ್ಯೂಲ್ ಇದೆ. ಹಾಕಿ ನೋಡಿದೆ. ಸಿಪಿಯು ಒಂಚೂರೂ ಇಳಿಯಲಿಲ್ಲ. ಸೋರ್ಸ್ ಕೋಡ್ ತೆಗೆದು ಓದಿದ ಮೇಲೆ ಗೊತ್ತಾಯಿತು: ಅದು ಇಟ್ಟುಕೊಳ್ಳುವುದು ಹ್ಯಾಶನ್ನು, 'ಪಾಸ್‌ವರ್ಡ್ ಸರಿ ಇದೆ' ಎಂಬ ಉತ್ತರವನ್ನಲ್ಲ. ಡೇಟಾಬೇಸಿಗೆ ಹೋಗುವುದು ತಪ್ಪುತ್ತದೆ, ಬಿಕ್ರಿಪ್ಟ್ ಮತ್ತೆ ಓಡುತ್ತದೆ. ನಮಗೆ ಬೇಕಾದ್ದು ಉಲ್ಟಾ ಅಲ್ವಾ?

ಒಮ್ಮೆ ಲಾಗಿನ್ ಆದ ಮೇಲೆ ಪಾಸ್‌ವರ್ಡ್ ಬದಲು ತೋರಿಸುವ ಚೀಟಿ, ಅಂದರೆ ಸೆಷನ್ ಕುಕೀ, ಹಾಕಿ ಮುಗಿಸಬಹುದಿತ್ತು. ಆದರೆ ಗುಮಾಸ್ತರ ಮೊಬೈಲ್‌ನಲ್ಲಿರುವ ಹಳೆಯ ಆ್ಯಪ್‌ಗೆ ಬೇಸಿಕ್ ಬಿಟ್ಟು ಬೇರೆ ಗೊತ್ತಿಲ್ಲ. ಹಾಗಾಗಿ ಪರೀಕ್ಷೆಯನ್ನು ನಮ್ಮ ಪೈಥಾನ್ ಕೋಡ್‌ಗೆ ತಂದೆ. ಬಿಕ್ರಿಪ್ಟ್ ಒಮ್ಮೆ ಪಾಸಾದರೆ ಹೆಸರು, ಪಾಸ್‌ವರ್ಡ್, ಡೇಟಾಬೇಸಿನಲ್ಲಿರುವ ಹ್ಯಾಶ್ ಮೂರನ್ನೂ ಸೇರಿಸಿ ಎಚ್‌ಮ್ಯಾಕ್-ಎಸ್‌ಎಚ್‌ಎ256 (ಗುಟ್ಟಿನ ಕೀ ಸೇರಿಸಿ ಬೇಗ ಮಾಡುವ ಹ್ಯಾಶ್) ಮಾಡಿ, ಐದು ನಿಮಿಷ ಮೆಮೊರಿಯಲ್ಲಿ ಇಡುತ್ತೇನೆ. ಅಷ್ಟರೊಳಗೆ ಬರುವ ರಿಕ್ವೆಸ್ಟ್ ಇದಕ್ಕೆ ಹೊಂದಿದರೆ ಬಿಕ್ರಿಪ್ಟ್ ಓಡಿಸುವುದಿಲ್ಲ. ಎಚ್‌ಮ್ಯಾಕ್‌ನ ಕೀ ಸರ್ವರ್ ಶುರುವಾದಾಗ ಹೊಸದಾಗಿ ಹುಟ್ಟುತ್ತದೆ, ಡಿಸ್ಕ್‌ಗೆ ಬರೆಯುವುದೇ ಇಲ್ಲ. ಹ್ಯಾಶನ್ನೂ ಸೇರಿಸಿದ್ದಕ್ಕೆ ಕಾರಣ ಇದೆ. ಗುಮಾಸ್ತರು ಕೆಲಸ ಬಿಟ್ಟರೆ ಮಾಲೀಕರು ಪಾಸ್‌ವರ್ಡ್ ಬದಲಿಸುತ್ತಾರೆ. ಹ್ಯಾಶ್ ಬದಲಾದ ಕೂಡಲೇ ಕ್ಯಾಶ್‌ನ ಹಳೆಯ ಎಂಟ್ರಿ ಕೆಲಸಕ್ಕೆ ಬರುವುದಿಲ್ಲ. ಐದು ನಿಮಿಷ ಕಾಯಬೇಕಿಲ್ಲ.

ಈಗ ಹರಾಜಿನ ಹೊತ್ತಲ್ಲೂ ಸಿಪಿಯು ತಣ್ಣಗಿದೆ. ತಪ್ಪು ಪಾಸ್‌ವರ್ಡ್‌ಗಳು ಮಾತ್ರ ಕ್ಯಾಶ್‌ಗೆ ಹೋಗುವುದಿಲ್ಲ, ಪ್ರತಿಯೊಂದಕ್ಕೂ ಬಿಕ್ರಿಪ್ಟ್ ಪೂರ್ತಿ ಓಡುತ್ತದೆ. ಯಾರಾದರೂ ಬೇಕೆಂದೇ ಸುರಿದರೆ ಮತ್ತೆ ಒದ್ದಾಟ. ಅದಕ್ಕೆ ಒಂದೇ ಐಪಿ ವಿಳಾಸದಿಂದ (ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ಬರುವ ತಪ್ಪು ಯತ್ನಗಳಿಗೆ ಮಿತಿ ಹಾಕಿದ್ದೇನೆ. ಮಂಡಿಯಲ್ಲಿ ಎಲ್ಲರದ್ದೂ ಒಂದೇ ವೈಫೈ, ಅಂದರೆ ಹೊರಗೆ ಕಾಣುವ ಐಪಿಯೂ ಒಂದೇ, ಹಾಗಾಗಿ ಆ ಮಿತಿ ಸ್ವಲ್ಪ ಸಡಿಲವಾಗಿಯೇ ಇದೆ.