ಮಿದುಳಿನಿಂದ ತೆಗೆದ ಆ ಚೂರು ಬರೀ ಹೆಪ್ಪಲ್ಲ

ಕ್ಯಾನ್ಸರ್ ಇರುವವರಿಗೆ ಲಕ್ವ ಹೊಡೆದರೆ ನಾನು ಬಿಪಿ, ಶುಗರ್ ನೋಡಿ ಅಷ್ಟಕ್ಕೇ ನಿಲ್ಲುವುದಿಲ್ಲ. ಇಂಥವರ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಫ್ರಾನ್ಸಿನ ವೈದ್ಯ ಟ್ರೂಸೋ ಈ ನಂಟನ್ನು 1865ರಲ್ಲೇ ಗುರುತಿಸಿದ್ದರು. ಆದರೆ ಅಪರೂಪಕ್ಕೆ ಗಡ್ಡೆಯ ಚೂರೇ ಕಳಚಿ ಮಿದುಳಿನ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಶ್ವಾಸಕೋಶದ ಕ್ಯಾನ್ಸರ್ ಅಲ್ಲಿಂದ ಹೃದಯಕ್ಕೆ ರಕ್ತ ಒಯ್ಯುವ ಅಭಿಧಮನಿಯೊಳಗೆ ಬೆಳೆದರೆ ಚೂರಿಗೆ ದಾರಿ ಸಲೀಸು. ಮೊದಲು ಹೃದಯದ ಎಡಭಾಗ, ಅಲ್ಲಿಂದ ಮಿದುಳು.

ದಾವಣಗೆರೆಯಲ್ಲಿ ನಾನು ನೋಡಿದ ಜಗಳೂರು ಕಡೆಯ ಹಿರಿಯರೊಬ್ಬರಿಗೆ ಆಗಿದ್ದು ಇದೇ. ಶ್ವಾಸಕೋಶದಲ್ಲಿ ಗಡ್ಡೆ ಇರುವುದು ಮೊದಲೇ ಗೊತ್ತಿತ್ತು. ಬಲಗೈ, ಬಲಗಾಲು ಬಿದ್ದುಹೋಗಿದ್ದವು, ಮಾತು ನಿಂತಿತ್ತು. ಸಿಟಿಯಲ್ಲಿ ರಕ್ತಸ್ರಾವ ಇರಲಿಲ್ಲ. ರಕ್ತನಾಳ ತೋರಿಸುವ ಆಂಜಿಯೋದಲ್ಲಿ ಮಿದುಳಿನ ಎಡಗಡೆಯ ದೊಡ್ಡ ನಾಳವೇ ಬಂದ್ ಆಗಿತ್ತು.

"ಕ್ಯಾನ್ಸರ್ ಬಂದವ್ರಿಗೆ ಇಷ್ಟೆಲ್ಲಾ ಯಾಕ್ ಸಾರ್, ಸುಮ್ನೆ ಊರಿಗೆ ಕರ್ಕೊಂಡು ಹೋಗ್ತೀವಿ" ಅಂದರು ಮಗ.

"ಇರೋಷ್ಟು ದಿನ ನಿಮ್ಮಪ್ಪ ಮಾತಾಡಿಕೊಂಡು ಇರೋದು ಬೇಡ್ವೇನ್ರೀ?" ಅಂದೆ. ಕ್ಯಾನ್ಸರ್ ಇದೆ ಅನ್ನುವ ಒಂದೇ ಕಾರಣಕ್ಕೆ ಲಕ್ವದ ಚಿಕಿತ್ಸೆ ಕೈಬಿಡುವುದು ತಪ್ಪು. ಇದನ್ನು ನಾನು ಎಲ್ಲಿ ಬೇಕಾದರೂ ವಾದಿಸುತ್ತೇನೆ. ಅವರು ಒಪ್ಪಿದರು.

ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು. ಅದು ಮೀರಿತ್ತು. ಕೊಟ್ಟಿದ್ದರೂ ಅದು ಕರಗಿಸುವುದು ಹೆಪ್ಪಿನ ಫೈಬ್ರಿನ್ ಎಳೆಗಳನ್ನು, ಗಡ್ಡೆಯ ಮಾಂಸವನ್ನಲ್ಲ. ಹಾಗಾಗಿ ತೊಡೆಸಂದಿನ ರಕ್ತನಾಳದಿಂದ ಕ್ಯಾತಿಟರ್ ಎಂಬ ತೆಳು ನಳಿಕೆ ಏರಿಸಿ, ನಾಳಕ್ಕೆ ಅಡ್ಡವಾಗಿದ್ದುದನ್ನು ಹೊರಗೆಳೆಯುವ ಥ್ರಾಂಬೆಕ್ಟಮಿ ಮಾಡಿದೆವು. ಸ್ಟೆಂಟ್ ರಿಟ್ರೀವರ್ ಎಂಬ ಜಾಲರಿ ಒಂದಕ್ಕೇ ಅದು ಜಗ್ಗಲಿಲ್ಲ. ಹೀರುವ ಕ್ಯಾತಿಟರನ್ನೂ ಜೊತೆಗೆ ಹಾಕಿ ಎಳೆದಾಗ ಬಂತು. ದಿನಾ ನೋಡುವ ಹೆಪ್ಪು ಕಡುಗೆಂಪಾಗಿ ಮೆತ್ತಗಿರುತ್ತದೆ. ಇದು ಬೆಳ್ಳಗಿತ್ತು, ಗಟ್ಟಿಯಾಗಿತ್ತು.

ತಕ್ಷಣ ಅದನ್ನು ಕೆಡದಂತೆ ಇಡುವ ಫಾರ್ಮಲಿನ್‌ಗೆ ಹಾಕಿ, ಅಂಗಾಂಶ ಪರೀಕ್ಷಿಸುವ ಪೆಥಾಲಜಿ ವಿಭಾಗಕ್ಕೆ ಕಳಿಸಿದೆ. ಚೀಟಿಯಲ್ಲಿ ಶ್ವಾಸಕೋಶದ ಗಡ್ಡೆಯ ವಿಷಯ ಬರೆದು, ಕ್ಯಾನ್ಸರ್ ಕಣ ಹುಡುಕಿ ಎಂದು ಕೇಳಿದೆ. ಪೆಥಾಲಜಿಯವರಿಗೆ ಈ ಒಂದು ಸಾಲು ಬಹಳ ಮುಖ್ಯ. ಎಷ್ಟೋ ಕಡೆ ತೆಗೆದ ಹೆಪ್ಪನ್ನು ನೋಡಿ ಎಸೆದುಬಿಡುತ್ತಾರೆ, ಅದು ನನಗೆ ತುಂಬಾ ಬೇಜಾರಿನ ಸಂಗತಿ. ರಿಪೋರ್ಟಿನಲ್ಲಿ ಕ್ಯಾನ್ಸರ್ ಕಣಗಳೇ ಇದ್ದವು. ಅನ್ನನಾಳದ ಮೂಲಕ ಹೃದಯದ ಎಕೋ (ಶಬ್ದತರಂಗದ ಸ್ಕ್ಯಾನ್) ಮಾಡಿದಾಗ ಗಡ್ಡೆಯ ತುದಿ ಹೃದಯದ ಎಡ ಮೇಲ್ಕೋಣೆಯಾದ ಹೃತ್ಕರ್ಣದವರೆಗೆ ಬಂದಿರುವುದು ಕಂಡಿತು.

ಬರೀ ಹೆಪ್ಪಾಗಿದ್ದರೆ ಹೆಪ್ಪುಗಟ್ಟದಂತೆ ತಡೆಯುವ, ಚರ್ಮದಡಿ ಚುಚ್ಚುವ ಹೆಪರಿನ್ ಮೇಲೆ ನಾನು ಜಾಸ್ತಿ ಭರವಸೆ ಇಡುತ್ತಿದ್ದೆ. ಇಲ್ಲಿ ಅದು ಸಾಕಾಗುವುದಿಲ್ಲ, ಮೂಲ ಗಡ್ಡೆಗೇ ಚಿಕಿತ್ಸೆ ಬೇಕು. ಹೃದಯದೊಳಗೇ ಬೆಳೆಯುವ, ಕ್ಯಾನ್ಸರ್ ಅಲ್ಲದ ಮಿಕ್ಸೋಮಾ ಗಡ್ಡೆಯ ಚೂರಾಗಿದ್ದರೆ ಆಪರೇಷನ್‌ಗೆ ಕಳಿಸುತ್ತಿದ್ದೆ. ಇವರಿಗೆ ಆಪರೇಷನ್ ಆಗುವ ಹಾಗಿರಲಿಲ್ಲ. ಆಂಕಾಲಜಿಯವರು ಕೀಮೋ ಶುರು ಮಾಡಿದರು. ಮಾತು ತೊದಲುತ್ತಾ ಬಂತು, ಹಿಡಿದುಕೊಂಡು ನಡೆಯುವಷ್ಟು ಕಾಲಿಗೆ ಶಕ್ತಿ ಬಂತು. ಬಲಗೈ ಮಾತ್ರ ಪೂರ್ತಿ ಸುಧಾರಿಸಲಿಲ್ಲ, ಫಿಸಿಯೋಥೆರಪಿ ಮುಂದುವರಿಸಿದೆವು.