ಒಂದು ಕಪ್, ಒಂದು ಬಸಿ: ಐವತ್ತು ದಾಟಿದವರ ಪ್ರೇಮವನ್ನು ನಾವು ರಂಗಕ್ಕೆ ತಂದದ್ದು

ನಮ್ಮ ನಾಟಕದ ಕಥೆ ದೊಡ್ಡದೇನಲ್ಲ. ಹಳೇ ಬಾಗಲಕೋಟೆಯ ಒಂದೇ ಓಣಿಯಲ್ಲಿ ಬೆಳೆದ ಇಬ್ಬರು. ಏನೋ ಇತ್ತು, ಹೇಳಿಕೊಳ್ಳಲಿಲ್ಲ. ಅವಳ ಮದುವೆ ಬೇರೆ ಊರಲ್ಲಿ ಆಯಿತು. ಆಮೇಲೆ ಆಲಮಟ್ಟಿ ಡ್ಯಾಮಿನ ಹಿನ್ನೀರು ಬಂತು, ಓಣಿ ಖಾಲಿ ಆಯಿತು, ಜನ ಮುಳುಗಡೆಯಾದವರಿಗಂತ ಕಟ್ಟಿದ ನವನಗರದ ಸೆಕ್ಟರ್‌ಗಳಿಗೆ ಚದುರಿ ಹೋದರು. ಹತ್ತಿರ ಹತ್ತಿರ 30 ವರ್ಷ ಆದಮೇಲೆ, ಅವಳಿಗೆ ಗಂಡ ಇಲ್ಲ, ಅವನಿಗೆ ಹೆಂಡತಿ ಇಲ್ಲ, ಕರೆಂಟ್ ಬಿಲ್ ಕಟ್ಟೋ ಸಾಲಿನಲ್ಲಿ ಮತ್ತೆ ಭೇಟಿ. ಅವಳು ಶಾಂತಾ, ಅವನು ಮಲ್ಲಣ್ಣ.

ನಾನು ಬರೆದ ಮೊದಲ ಪ್ರತಿ ಎರಡೂವರೆ ಗಂಟೆ ಇತ್ತು. ಅದರಲ್ಲಿ ಡ್ಯಾಮ್ ಬಗ್ಗೆಯೇ ಅರ್ಧ ಗಂಟೆ. ಜಲಾಶಯದ ಮಟ್ಟ 519.60 ಮೀಟರ್ ಅಂತ ಮಲ್ಲಣ್ಣ ಭಾಷಣ ಬೇರೆ ಮಾಡುತ್ತಿದ್ದ. ಓದಿ ತೋರಿಸಿದಾಗ ಹಾರ್ಮೋನಿಯಂ ನುಡಿಸುವ ನಮ್ಮ ಪೇಟಿ ಮಾಸ್ತರರು, "ಸರ್, ಈ ಅಂಕಿ ಇಲ್ಲಿ ಎಲ್ಲಾರಿಗೂ ಬಾಯಿಪಾಠ ಐತಿ, ಅಕಿ ಏನಂದ್ಳು ಅದನ್ನ ಹೇಳ್ರಿ" ಅಂದರು. ಅವತ್ತೇ ಕತ್ತರಿ ಹಿಡಿದೆ. ಕೊನೆಗೆ ಉಳಿದದ್ದು 1 ಗಂಟೆ 20 ನಿಮಿಷ.

ನಿಜವಾದ ತಲೆನೋವು ಶುರುವಾದದ್ದು ಶಾಂತಾ ಪಾತ್ರಕ್ಕೆ ಕಲಾವಿದೆಯನ್ನು ಹುಡುಕುವಾಗ. ನಮ್ಮದು ಹವ್ಯಾಸಿ ತಂಡ. ಇಲ್ಲಿ ಊರ ನಾಟಕಕ್ಕೆ ಸ್ತ್ರೀ ಪಾತ್ರ ಬೇಕಾದರೆ ವೃತ್ತಿ ಕಲಾವಿದೆಯರನ್ನು ಕರೆಸುವುದು ವಾಡಿಕೆ. ಫೋನ್ ಮಾಡಿದ ಕಡೆಯಲ್ಲೆಲ್ಲ ಒಂದೇ ಉತ್ತರ: 25ರ ಹುಡುಗಿಯನ್ನು ಕಳಿಸ್ತೀವಿ, ಕೂದಲಿಗೆ ಬಿಳಿ ಹಚ್ಚಿರಿ, ಮುಗೀತು. ನನಗೆ ಅದು ಬೇಡವಾಗಿತ್ತು. ಬಿಳಿ ಕೂದಲಿನ ವಿಗ್ ಹಾಕಿದ ಹುಡುಗಿ ಕೆಳಗೆ ಕೂತು ಏಳೋದನ್ನು ನೋಡಿ. ಚಟ್ಟನೆ ಏಳುತ್ತಾಳೆ. ಐವತ್ತರ ಮೊಣಕಾಲು ಹಾಗೆ ಏಳೋದಿಲ್ಲ ಅಲ್ವಾ?

ಕೊನೆಗೆ ಒಬ್ಬ ಅಕ್ಕಾರು ಸಿಕ್ಕರು. ವೃತ್ತಿ ನಾಟಕ ಕಂಪನಿಯಲ್ಲಿ ದುಡಿದವರು, ವಯಸ್ಸು 54. ಸ್ಕ್ರಿಪ್ಟ್ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಅಂದರು: "ಇಪ್ಪತ್ತು ವರ್ಷದಿಂದ ನನಗ ತಾಯಿ ಪಾತ್ರನ ಕೊಟ್ಟಾರ್ರಿ ಸರ್. ಅಳಾಕ ಬರ್ತೈತಿ. ನಾಚಿಕೊಳ್ಳಾಕ ಮರ್ತೀನಿ."

ಅವರು ತಮಾಷೆಗೆ ಹೇಳಲಿಲ್ಲ. ಮೊದಲು ಅವರು ನಾಯಕಿ ಪಾತ್ರ ಮಾಡುತ್ತಿದ್ದಾಗ ಎದುರಿಗಿದ್ದ ನಾಯಕ ನಟ ಆಮೇಲೂ ಕೂದಲಿಗೆ ಕರಿ ಹಚ್ಚಿಕೊಂಡು ನಾಯಕನೇ ಆಗಿದ್ದನಂತೆ, ಇವರು ಮಾತ್ರ ಮೂವತ್ತೈದಕ್ಕೇ ಅವನ ತಾಯಿ ಆಗಿಬಿಟ್ಟರಂತೆ. ಒಂದು ಕಾಲಕ್ಕೆ ಹೆಂಗಸರೇ ರಂಗಕ್ಕೆ ಬರುತ್ತಿರಲಿಲ್ಲ, ಕಂಪನಿ ನಾಟಕದ ಹೆಸರಾಂತ ನಟ ಏಣಗಿ ಬಾಳಪ್ಪನವರಂಥವರೇ ಚಿಕ್ಕ ವಯಸ್ಸಿನಲ್ಲಿ ಸ್ತ್ರೀ ಪಾತ್ರ ಕಟ್ಟಿದವರು. ಈಗ ಹೆಂಗಸರು ಬಂದಿದ್ದಾರೆ, ಆದರೆ ಹುಡುಗಿ ಆಗಿರಬೇಕು, ಇಲ್ಲವೇ ತಾಯಿ. ನಡುವಿನ ವಯಸ್ಸಿಗೆ ಪಾತ್ರವೇ ಇಲ್ಲ.

ಮಲ್ಲಣ್ಣ ಪಾತ್ರಕ್ಕೆ ಬ್ಯಾಂಕಿನಿಂದ ನಿವೃತ್ತಿ ಹತ್ತಿರ ಬಂದ ನಮ್ಮ ತಂಡದ ಹಳೆಯ ಸದಸ್ಯರು. ಒಳ್ಳೆಯ ದನಿ. ಆದರೆ ಅಕ್ಕಾರ ಮುಖ ನೋಡಿ ಮಾತಾಡೋಕೆ ಬರೋದೇ ಇಲ್ಲ. ತಾಲೀಮು ಶುರುವಾಗಿ ಎರಡು ವಾರ ಅವರು ಅಕ್ಕಾರ ಕಿವಿಯ ಪಕ್ಕದ ಗೋಡೆಗೆ ಪ್ರೀತಿ ಹೇಳುತ್ತಿದ್ದರು. ಅಕ್ಕಾರದು ಉಲ್ಟಾ. ಅವರು ಕಂಪನಿ ರೂಢಿಯಲ್ಲಿ ಪ್ರತಿ ಮಾತನ್ನೂ ಕೊನೆಯ ಸಾಲಿನವರಿಗೆ ಒಗೆಯುತ್ತಿದ್ದರು. ಅದು ತಪ್ಪಲ್ಲ. ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ ಶುರುವಾದರೆ ಅಕ್ಕಪಕ್ಕದಲ್ಲೇ ಕಂಪನಿಗಳ ಟೆಂಟು ಬೀಳುತ್ತವೆ, ಜಾತ್ರೆಯ ಗದ್ದಲ, ಪಕ್ಕದ ಟೆಂಟಿನ ಹಾಡು, ಎಲ್ಲ ದಾಟಿ ದನಿ ಹೋಗಬೇಕು. ಆ ಗಂಟಲಿಗೆ ಪಿಸುಮಾತು ಕಲಿಸೋದು ಸುಲಭ ಅಲ್ಲ. ನಾನೊಂದು ಉಪಾಯ ಮಾಡಿದೆ. ಒಂದು ವಾರ ಇಬ್ಬರೂ ನಿಂತು ಡೈಲಾಗ್ ಹೇಳೋದನ್ನೇ ಬಂದ್ ಮಾಡಿಸಿದೆ. ಸುಮ್ನೆ ಕೂತು ಅವರೆಕಾಯಿ ಸುಲಿಯುತ್ತಾ ಮಾತು ಹೇಳಿರಿ ಅಂದೆ. ಕೈಗೆ ಕೆಲಸ ಸಿಕ್ಕ ಕೂಡಲೇ ಅಕ್ಕಾರ ದನಿ ತಾನಾಗೇ ಇಳಿಯಿತು. ಬ್ಯಾಂಕಿನವರಿಗೂ ಎಲ್ಲಿ ನೋಡಬೇಕು ಅನ್ನೋ ಚಿಂತೆ ತಪ್ಪಿತು. ಕಾಳು ಮಾತ್ರ ಇಡೀ ತಂಡದವರ ಮನೆಗೆ ಹೋಯಿತು, ಯಾರೂ ತಕರಾರು ಮಾಡಲಿಲ್ಲ.

ಸೀರೆ ವಿಷಯಕ್ಕೆ ನಾನು ಸೋತೆ. ಮಲ್ಲಣ್ಣ ಮೊದಲ ಸಲ ಮನೆಗೆ ಬರೋ ದೃಶ್ಯದಲ್ಲಿ ಶಾಂತಾ ಇಳಕಲ್ ಸೀರೆ ಉಟ್ಟುಕೊಂಡು ಬರಬೇಕು ಅಂತ ನನ್ನ ಆಸೆ. ಕೆಂಪು ಟೋಪ ತೆನಿ ಸೆರಗು, ಚಿಕ್ಕಿ ಪರಾಸ ದಡಿ, ಮ್ಯಾಲೆ ಗುಳೇದಗುಡ್ಡ ಖಣದ ಕುಪ್ಪಸ, ಬೆಳಕಿಗೆ ಎಷ್ಟು ಚೆಂದ ಕಾಣುತ್ತೆ! ಅಕ್ಕಾರು ಒಪ್ಪಲಿಲ್ಲ. "ಈ ವಯಸ್ಸಿನ ಹೆಣಮಗಳು ಅವ ಬರ್ತಾನಂತ ಸೀರಿ ಬದಲಿ ಮಾಡಂಗಿಲ್ರಿ. ಮನ್ಯಾಗ ಸೊಸಿ ಅದಾಳ. ಸೆರಗಷ್ಟ ಸರಿ ಮಾಡ್ಕೋತಾಳ." ಮಾಡಿಯೂ ತೋರಿಸಿದರು. ಅಡುಗೆಮನೆಯಿಂದ ಬರುತ್ತಾ ಕೈ ಒರೆಸಿಕೊಂಡ ಅದೇ ಸೆರಗನ್ನು ಎಳೆದು, ಒದ್ದೆ ಭಾಗ ಒಳಗೆ ಹೋಗುವ ಹಾಗೆ ಮಡಚಿ, ಸೊಂಟಕ್ಕೆ ಸಿಕ್ಕಿಸಿಕೊಂಡರು. ಎರಡು ಸೆಕೆಂಡಿನ ಕೆಲಸ. ನಾನು ಎರಡು ಪುಟ ಸಂಭಾಷಣೆ ಹೊಡೆದು ಹಾಕಿದೆ.

ಬಸಿಯ, ಅಂದರೆ ಸಾಸರಿನ, ಐಡಿಯಾ ಮಾತ್ರ ತಂಡದ ಯಾರದ್ದೂ ಅಲ್ಲ. ನಮ್ಮ ಮಲ್ಲಣ್ಣನ ಹೆಂಡತಿ, ಅಂದರೆ ಬ್ಯಾಂಕಿನವರ ಮನೆಯವರು, ಮೊದಲೆರಡು ವಾರ ತಾಲೀಮಿಗೆ ಬಂದು ಮೂಲೆಯಲ್ಲಿ ಕೂತಿರುತ್ತಿದ್ದರು. ಕಾವಲಿಗೋ ಕುತೂಹಲಕ್ಕೋ ನಾನು ಕೇಳಲಿಲ್ಲ. ಆಗ ಆ ದೃಶ್ಯದಲ್ಲಿ ಮಲ್ಲಣ್ಣ, "ನಿನಗ ಇನ್ನೂ ನೆನಪೈತೇನು ಶಾಂತಾ..." ಅಂತ ಉದ್ದಕ್ಕೆ ಶುರು ಮಾಡುತ್ತಿದ್ದ. ಒಂದು ದಿನ ಈ ತಾಯಿ ಎದ್ದು ನಿಂತು, "ಇಷ್ಟೆಲ್ಲ ಯಾಕ ಹೇಳಿಸ್ತೀರಿ? ಇವರಿಗೆ ಚಾ ಬಸ್ಯಾಗ ಕುಡಿಯೂ ಚಟ ಐತಿ. ಕೇಳಲಾರದ ಬಸಿಗೆ ಹಾಕಿ ಕೊಟ್ರ ಆತು, ಅಕಿಗೆ ನೆನಪೈತಿ ಅಂತ ತಿಳೀತೈತಿ" ಅಂದರು.

ಅಷ್ಟೇ ದೃಶ್ಯ. ಶಾಂತಾ ಚಹಾ ತರುತ್ತಾಳೆ. ಒಂದೇ ಕಪ್. ಅರ್ಧ ಬಸಿಗೆ ಬಗ್ಗಿಸಿ, ಬಸಿಯನ್ನು ಅವನ ಕಡೆ ಸರಿಸಿ, ಕಪ್ ತಾನು ಇಟ್ಟುಕೊಳ್ಳುತ್ತಾಳೆ. ಅವನು ಬಸಿ ನೋಡುತ್ತಾನೆ. ಕುಡಿಯುತ್ತಾನೆ. ಮಾತಿಲ್ಲ. ಪೇಟಿಯೂ ಇಲ್ಲ. ಮಾಸ್ತರರು ಅಲ್ಲಿ ಶ್ರೀಕೃಷ್ಣ ಪಾರಿಜಾತ ಬಯಲಾಟದ ಸತ್ಯಭಾಮೆಯ ಮುನಿಸಿನ ಮಟ್ಟೊಂದನ್ನು ನುಡಿಸಬೇಕು ಅಂತ ಹಟ ಹಿಡಿದಿದ್ದರು. ನಮ್ಮ ಸೀಮೆಯಲ್ಲಿ ಗಂಡ ಹೆಂಡತಿ ಮುನಿಸು ಅಂದರೆ ಪಾರಿಜಾತವೇ, ಅದರ ಹೆಸರಾಂತ ಕಲಾವಿದೆ ಕೌಜಲಗಿ ನಿಂಗಮ್ಮನವರ ಹೆಸರು ಕೇಳದ ಹಳೇ ಪ್ರೇಕ್ಷಕರಿಲ್ಲ, ಅವರ ಮಾತು ಸರಿಯೇ. ಆದರೆ ಆ ಮಟ್ಟು ಮುಂದಿನ ದೃಶ್ಯಕ್ಕೆ ಹೋಯಿತು, ಕಪ್ ಬಸಿ ತೊಳೆಯುವಾಗ.

ಬೆಳಕಿನವರದು ಬೇರೆ ಜಗಳ. ಲವ್ ಸೀನ್ ಅಂದರೆ ಗುಲಾಬಿ ಬಣ್ಣ ಹಾಕಲೇಬೇಕು ಅಂತ. ನಾನು ಬಿಡಲಿಲ್ಲ. ಎದುರಿನಿಂದ ನೇರ ಬೆಳಕು ಬಿಟ್ಟರೆ ಮುಖದ ಗೆರೆ ಅಳಿಸಿ ಹೋಗುತ್ತೆ, ಪಕ್ಕದಿಂದ ಕೊಟ್ಟರೆ ಉಳಿಯುತ್ತೆ. ನಮಗೆ ಗೆರೆ ಬೇಕಾಗಿತ್ತು. ಇಷ್ಟೆಲ್ಲ ಲೆಕ್ಕ ಹಾಕಿ ಕೂತರೆ, ಪ್ರದರ್ಶನದ ದಿನ ನಮ್ಮ ಮಲ್ಲಣ್ಣ ತಲೆಗೆ ಕರ್ರಗೆ ಡೈ ಹೊಡೆದುಕೊಂಡು ಬಂದರು! ಫೋಟೊ ತೆಗೀತಾರಲ್ಲ ಅಂತ. ಪೌಡರ್ ಸುರಿದು ಬೆಳ್ಳಗೆ ಮಾಡಿದೆವು. ಎರಡನೇ ದೃಶ್ಯದಲ್ಲಿ ತಲೆ ಕೆರೆದುಕೊಂಡಾಗ ಹೊಗೆ ಎದ್ದಂಗೆ ಎದ್ದಿತು.

ಮೊದಲ ಪ್ರದರ್ಶನ ನವನಗರದಲ್ಲೇ. ಬಸಿ ದೃಶ್ಯದಲ್ಲಿ ಮಲ್ಲಣ್ಣ ಚಹಾ ಸೊರ್ ಅಂತ ಕುಡಿದದ್ದು ಕಾಲರ್ ಮೈಕಿನಲ್ಲಿ ಇಡೀ ಸಭಾಂಗಣಕ್ಕೆ ಕೇಳಿಸಿತು. ಹಿಂದಿನ ಸಾಲಿನ ಹುಡುಗರು ಸಿಳ್ಳೆ ಹೊಡೆದರು. ಒಬ್ಬ, "ಕಾಕಾ, ಸಾವಕಾಶ!" ಅಂತ ಕೂಗಿದ. ಎಲ್ಲರೂ ನಕ್ಕರು. ಸೈಡ್‌ವಿಂಗ್‌ನಲ್ಲಿ ನಿಂತಿದ್ದ ನನಗೆ ಬೆವರು. ಲೈಟ್ ಆರಿಸು ಅಂತ ಕೈ ಎತ್ತಿದ್ದೆ. ಅಕ್ಕಾರು ಏನೂ ಮಾಡಲಿಲ್ಲ. ನಗು ನಿಲ್ಲಲಿ ಅಂತ ಮುಖ ಬಿಗಿಯಲಿಲ್ಲ, ಮುಂದಿನ ಮಾತಿಗೂ ಓಡಲಿಲ್ಲ. ಕಪ್ಪಿನಲ್ಲಿ ಉಳಿದದ್ದನ್ನು ನೋಡುತ್ತಾ ಕೂತರು. ಆಮೇಲೆ ಆ ಉಳಿದ ಚಹಾವನ್ನೂ ಅವನ ಬಸಿಗೆ ಬಗ್ಗಿಸಿದರು. ಇದು ಸ್ಕ್ರಿಪ್ಟ್‌ನಲ್ಲಿ ಇರಲಿಲ್ಲ. ನಗು ಪೂರ್ತಿ ನಿಂತುಹೋಯಿತು. ಮುಂದಿನ ಸಾಲಿನಲ್ಲಿ ಯಾರೋ ಹೆಂಗಸರು "ಅಯ್ಯ ಶಿವನ" ಅಂದದ್ದು ನನಗೆ ಕೇಳಿಸಿತು.

ಆ ರಾತ್ರಿ ನನಗೆ ಹೊಳೆದದ್ದು ಇದು. ಪ್ರೇಕ್ಷಕರಿಗೆ ನಗಬೇಕು ಅನ್ನಿಸುತ್ತೆ, ವಯಸ್ಸಾದವರ ಪ್ರೇಮ ನೋಡಿದರೆ ಮುಜುಗರಕ್ಕಾದರೂ ನಗು ಬರುತ್ತೆ. ನಾವೇ ಮೊದಲು ನಗಿಸಿಲ್ಲ, ಅದಕ್ಕೇ ಅವರು ಸಿಕ್ಕಲ್ಲಿ ನಕ್ಕರು. ಹಾಗಾಗಿ ವಿಜಯಪುರದ ಕಂದಗಲ್ಲ ಹನುಮಂತರಾಯ ರಂಗಮಂದಿರದಲ್ಲಿ ಎರಡನೇ ಪ್ರದರ್ಶನ ಮಾಡುವಾಗ ಮೊಣಕಾಲು ನೋವಿನ ದೃಶ್ಯವನ್ನು ಮುಂದಕ್ಕೆ ತಂದೆ. ಇಬ್ಬರೂ ಬಿಲ್ ಕಟ್ಟಿ ಮೆಟ್ಟಿಲು ಇಳಿಯೋಕೆ ಒದ್ದಾಡುತ್ತಾರೆ, ಒಬ್ಬರಿಗೊಬ್ಬರು ಎಣ್ಣೆಯ ಹೆಸರು ಹೇಳಿಕೊಳ್ಳುತ್ತಾರೆ. ಜನ ಅಲ್ಲಿ ಹೊಟ್ಟೆ ತುಂಬ ನಕ್ಕರು. ಬಸಿ ಬಂದಾಗ ಸೊರ್ ಅನ್ನೋ ಸದ್ದು ಹಾಗೇ ಇತ್ತು, ಮೈಕನ್ನೂ ತೆಗೆಯಲಿಲ್ಲ. ಒಂದು ಸಿಳ್ಳೆಯೂ ಬರಲಿಲ್ಲ.

ಕೊನೆಯ ದೃಶ್ಯಕ್ಕೆ ಮೊದಲು ಮಗನ ದೊಡ್ಡ ಜಗಳ ಇತ್ತು. ಅದನ್ನೂ ತೆಗೆದೆ. ಈಗ ಸೊಸೆ ಅಡುಗೆಮನೆ ಬಾಗಿಲಲ್ಲಿ ನಿಂತು, ಕೈಯಲ್ಲಿ ಹಿಟ್ಟು, "ಅತ್ತಿ, ಕಾಕಾರು ಊಟಕ್ಕ ಇರ್ತಾರೇನ್ರಿ? ರೊಟ್ಟಿ ಎಷ್ಟು ಬಡೀಲಿ?" ಅಂತ ಕೇಳುತ್ತಾಳೆ. ಶಾಂತಾ ಉತ್ತರ ಕೊಡೋ ಮೊದಲೇ ಬೆಳಕು ಆರುತ್ತೆ. ಎಷ್ಟು ಅಂದ್ಳು ಅಂತ ಜನ ಈಗಲೂ ನನ್ನನ್ನು ಕೇಳುತ್ತಾರೆ. ನಾನು ಅಕ್ಕಾರನ್ನು ಕೇಳಿ ಅನ್ನುತ್ತೇನೆ.

ಮೂರನೇ ಪ್ರದರ್ಶನ ಬೆಳಗಾವಿಯಲ್ಲಿ ಮಾಡುವ ಯೋಚನೆ ಇದೆ. ಆದರೆ ಅಕ್ಕಾರಿಗೆ ಬನಶಂಕರಿ ಜಾತ್ರೆಗೆ ಒಂದು ಕಂಪನಿಯಿಂದ ಕರೆ ಬಂದಿದೆ. ತಾಯಿ ಪಾತ್ರ. ಸಂಬಳ ಚೆನ್ನಾಗಿದೆ, ಹೋಗಿರಿ ಅಂದೆ. ಜಾತ್ರೆ ಮುಗಿಯೋವರೆಗೆ ನಾವು ಕಾಯುತ್ತೇವೆ. ಬದಲಿ ಯಾರನ್ನೂ ಹುಡುಕುತ್ತಿಲ್ಲ.